ದೆಹಲಿ ಬಾಗಿಲ ಬಳಿಯ ಬಿರುಕು

ಬೆಂಗಳೂರು ಕೋಟೆ ನೋಡಲು ಕೆ.ಆರ್. ಮಾರ್ಕೆಟ್ ಮೆಟ್ರೋ ನಿಲ್ದಾಣದಲ್ಲಿ ಇಳಿದು ನಡೆದೇ ಹೋಗುವುದು ಒಳ್ಳೆಯದು. ಆಟೋದವರಿಗೆ ಬರೀ ‘ಕೋಟೆ’ ಎಂದರೆ ಟಿಪ್ಪು ಅರಮನೆಗೋ ಕೋಟೆ ವೆಂಕಟರಮಣ ದೇವಸ್ಥಾನಕ್ಕೋ ಕರೆದೊಯ್ದುಬಿಡುತ್ತಾರೆ. ಅವೂ ಹಳೆಯ ಕೋಟೆಯ ಒಳಗಿದ್ದವೇ, ಆದರೆ ಕಲ್ಲಿನ ಗೋಡೆ ಉಳಿದಿರುವುದು ಅಲ್ಲಲ್ಲ. ಕೆ.ಆರ್. ರಸ್ತೆಯಲ್ಲಿ, ಮೆಡಿಕಲ್ ಕಾಲೇಜಿನ ಆಸುಪಾಸಿನಲ್ಲಿರುವ ದೆಹಲಿ ಬಾಗಿಲನ್ನೇ ಕೇಳಿ.

ಕೆಂಪೇಗೌಡರ 1537ರ ಮಣ್ಣಿನ ಕೋಟೆ ಇದ್ದದ್ದು ಪೇಟೆಯ ಸುತ್ತ. ಅದರ ದಕ್ಷಿಣಕ್ಕೆ ಮೊಟ್ಟೆಯಾಕಾರದ ಇನ್ನೊಂದು ಕೋಟೆ ಎದ್ದದ್ದು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ. 1761ರಲ್ಲಿ ಹೈದರ್ ಅಲಿ ಅದನ್ನು ಕಲ್ಲಿನಲ್ಲಿ ಕಟ್ಟಿಸಿದ. ಉತ್ತರಕ್ಕೆ ಪೇಟೆಯ ಎದುರು ದೆಹಲಿ ಬಾಗಿಲು, ದಕ್ಷಿಣಕ್ಕೆ ಮೈಸೂರು ಬಾಗಿಲು, ಸುತ್ತ ಕೊತ್ತಲಗಳು ಮತ್ತು ಅಗಲವಾದ ಕಂದಕ. ಈಗ ಮೈಸೂರು ಬಾಗಿಲಿಲ್ಲ, ಕಂದಕವೂ ಇಲ್ಲ.

ಉಳಿದಿರುವ ಬಾಗಿಲನ್ನು ನಿಧಾನವಾಗಿ ನೋಡಬೇಕು. ಎತ್ತರದ ಮರದ ಕದಕ್ಕೆ ಕಬ್ಬಿಣದ ಮೊಳೆಗಳನ್ನು ಹೊಡೆದಿರುವುದು ಅಂದಕ್ಕಲ್ಲ, ಆನೆ ಹಣೆಯೊಡ್ಡಿ ನೂಕದಿರಲೆಂದು. ಒಳಗೆ ಕಾಲಿಟ್ಟರೆ ದಾರಿ ನೇರ ಸಾಗದೆ ತಿರುಗುತ್ತದೆ, ಮುಂದೆ ಮತ್ತೊಂದು ಬಾಗಿಲು ಬರುತ್ತದೆ. ಓಡಿಬಂದ ದಂಡು ತಿರುವಿನಲ್ಲಿ ವೇಗ ಕಳೆದುಕೊಂಡು ಅಂಗಳದಲ್ಲಿ ಒತ್ತೊತ್ತಾಗಿ ನಿಂತಾಗ ಮೇಲಿನವರ ಗುಂಡಿಗೆ ಈಡಾಗಬೇಕು, ಲೆಕ್ಕಾಚಾರ ಅದು. ಕಮಾನುಗಳ ಮೇಲಿನ ಗಾರೆಯ ಹೂಬಳ್ಳಿ ಇನ್ನೂ ಚೆನ್ನಾಗಿದೆ. ಒಳಗೊಂದು ಗಣಪತಿ ಗುಡಿಯಿದೆ.

ಇಷ್ಟು ಗಟ್ಟಿಯಾದ ಬಾಗಿಲಿದ್ದೂ ಕೋಟೆ ಬಿದ್ದದ್ದು ಇದೇ ದಿಕ್ಕಿನಲ್ಲಿ. ಹೊರಗೋಡೆಯಲ್ಲಿ ಒಂದು ಅಮೃತಶಿಲೆಯ ಫಲಕವಿದೆ: 1791ರ ಮಾರ್ಚ್ 21ರಂದು ಬ್ರಿಟಿಷರು ನುಗ್ಗಿದ ಬಿರುಕು ಇದೇ ಎನ್ನುತ್ತದೆ. ಬಹಳ ಜನ ಅದನ್ನು ನೋಡದೆಯೇ ದಾಟಿಹೋಗುತ್ತಾರೆ. ಇಡೀ ಕೋಟೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಅದೇ.

ಬ್ರಿಟಿಷ್ ಸೈನ್ಯವನ್ನು ನಡೆಸಿದ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಮೊದಲು ಹಿಡಿದದ್ದು ಪೇಟೆಯನ್ನು, ಮಾರ್ಚ್ 7ರಂದು. ಆ ಕಾಳಗದಲ್ಲಿ ಅವನ ಫಿರಂಗಿದಳದ ಕರ್ನಲ್ ಮೂರ್‌ಹೌಸ್ ಸತ್ತ. ಪೇಟೆಯನ್ನು ಮರಳಿ ಪಡೆಯಲು ಟಿಪ್ಪು ಅಂದೇ ದಂಡು ಕಳಿಸಿದ, ಬೀದಿಬೀದಿಯಲ್ಲಿ ಹೊಡೆದಾಟವಾಯಿತು, ಆದರೆ ಪೇಟೆ ದಕ್ಕಲಿಲ್ಲ. ಆ ನಷ್ಟವೇ ಮುಳುವಾಯಿತು. ಹಸಿದಿದ್ದ ಎತ್ತುಗಳಿಗೆ ಮೇವು, ತೋಪುಗಳಿಗೆ ಮರೆ, ಎರಡೂ ಬ್ರಿಟಿಷರಿಗೆ ಪೇಟೆಯಲ್ಲೇ ಸಿಕ್ಕವು. ಸುಲ್ತಾನನ ಸೈನ್ಯ ಹೊರಗಡೆ ಹತ್ತಿರದಲ್ಲೇ ಇದ್ದುದರಿಂದ ಕೋಟೆಯನ್ನು ಸುತ್ತುವರಿಯುವುದು ಅವರಿಂದಾಗಲಿಲ್ಲ. ಹಾಗಾಗಿ ಉಪವಾಸ ಕೆಡವಿ ಗೆಲ್ಲುವ ದಾರಿ ಮುಚ್ಚಿತ್ತು. ಉಳಿದದ್ದು ಗೋಡೆ ಒಡೆಯುವುದೊಂದೇ.

ಕಲ್ಲಿನ ಗೋಡೆಗೆ ಎಲ್ಲೆಂದರಲ್ಲಿ ಗುಂಡು ಹೊಡೆದರೆ ಪ್ರಯೋಜನವಿಲ್ಲ. ಒಂದೇ ಜಾಗದ ಕೆಳಭಾಗಕ್ಕೆ ಸತತವಾಗಿ ಹೊಡೆಯಬೇಕು. ಬುಡ ಸಡಿಲವಾದರೆ ಮೇಲಿನ ಭಾರವೇ ಗೋಡೆಯನ್ನು ಕೆಡವುತ್ತದೆ, ಬಿದ್ದ ಕಲ್ಲುಮಣ್ಣು ಹತ್ತಲು ಇಳಿಜಾರಾಗುತ್ತದೆ. ತೀರ ಮೇಲೆ ಹೊಡೆದರೆ ಗೋಡೆಯ ನೆತ್ತಿಯ ಮೇಲಿನ ತೆನೆಗಳಷ್ಟೇ ಉರುಳುತ್ತವೆ, ಹತ್ತಲು ದಾರಿಯಾಗುವುದಿಲ್ಲ. 21ರ ರಾತ್ರಿ ಹನ್ನೊಂದರ ಸುಮಾರಿಗೆ, ಬೆಳದಿಂಗಳಲ್ಲಿ, ಬಿರುಕಿನ ಮೂಲಕ ದಾಳಿಯಾಯಿತು. ಕೋಟೆಯ ಹೊಣೆ ಹೊತ್ತಿದ್ದ ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತಲೇ ಮಡಿದ. ನಗರದಲ್ಲಿ ಅವನ ಹೆಸರು ಇನ್ನಷ್ಟು ಕೇಳಿಬರಬೇಕಿತ್ತು.

ಬೆಂಗಳೂರು ಕೈಸೇರಿದ ಮಾತ್ರಕ್ಕೆ ಯುದ್ಧ ಮುಗಿಯಲಿಲ್ಲ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಳಿಗೆ ಹೋದ ಕಾರ್ನ್‌ವಾಲಿಸ್ ಆಹಾರವಿಲ್ಲದೆ, ಎತ್ತುಗಳು ಸತ್ತು, ಎಳೆಯಲಾಗದ ದೊಡ್ಡ ತೋಪುಗಳನ್ನು ತಾನೇ ಹಾಳುಗೆಡವಿ ಹಿಂದಿರುಗಿದ. ಹಿಂದಿರುಗಿ ನಿಲ್ಲಲು ಬೆಂಗಳೂರಿತ್ತು. ಇಲ್ಲಿಂದಲೇ ನಂದಿದುರ್ಗ, ಸಾವನದುರ್ಗಗಳನ್ನು ಗೆದ್ದು ದಾರಿ ಭದ್ರಪಡಿಸಿಕೊಂಡು 1792ರಲ್ಲಿ ಮತ್ತೆ ಹೊರಟ. ಆ ವರ್ಷ ಟಿಪ್ಪುವಿನೊಂದಿಗೆ ಆದ ಒಪ್ಪಂದದ ನಂತರ ಕೋಟೆ ಅವನಿಗೆ ಮರಳಿತು. 1809ರಲ್ಲಿ ಬ್ರಿಟಿಷರ ದಂಡು ಹಲಸೂರಿನ ಕಡೆ ನೆಲೆಯೂರಿದ ಮೇಲೆ ಇದರ ಮಹತ್ವ ಕುಗ್ಗಿತು. ಆಮೇಲೆ ರಸ್ತೆ, ಆಸ್ಪತ್ರೆ, ಶಾಲೆಗಳಿಗಾಗಿ ಗೋಡೆ ಕರಗುತ್ತ ಹೋಯಿತು.

ಟಿಪ್ಪು ಅರಮನೆಗೆ ಟಿಕೆಟ್ ಕೊಳ್ಳಬೇಕು. ತೇಗದ ಕಂಬಗಳು ಸೊಗಸಾಗಿವೆ, ಆದರೂ ಸಮಯ ಕಡಿಮೆಯಿದ್ದರೆ ಬಾಗಿಲಿಗೇ ಆದ್ಯತೆ ಕೊಡಿ. ಬೆಳಗ್ಗೆ ಬೇಗ ಬಂದರೆ ಮಾರುಕಟ್ಟೆಯ ನೂಕುನುಗ್ಗಲು ಸ್ವಲ್ಪ ಕಡಿಮೆಯಾಗಲೆಂದು ಕಾಯಬೇಕಾಗುತ್ತದೆ. ಹೂವಿನ ವ್ಯಾಪಾರ ಇಳಿದ ಮೇಲೆ ಬಂದರೆ ಫಲಕದ ಮುಂದೆ ನಿಲ್ಲಲು ಜಾಗ ಸಿಗುತ್ತದೆ.