ಹಳೆ ಫಾರ್ಚೂನರ್: ರೇಟ್ ಮಾತಾಡುವ ಮೊದಲು ಆಯಿಲ್ ಸಂಪ್ ನೋಡಿ

ಮೂಡಿಗೆರೆ, ಸಕಲೇಶಪುರ, ಚಿಕ್ಕಮಗಳೂರಿನ ತೋಟದ ಮನೆಗಳ ಅಂಗಳದಲ್ಲಿ ಮೊದಲ ಪೀಳಿಗೆಯ ಫಾರ್ಚೂನರ್ ಇವತ್ತಿಗೂ ನಿಂತಿರುತ್ತದೆ. 2009ರಲ್ಲಿ ಬಂದು 2016ರವರೆಗೆ ಮಾರಾಟವಾದ ಗಾಡಿ ಅದು. ಹೆಚ್ಚಿನವುಗಳ ಒಳಗಿರುವುದು 2982 ಸಿಸಿಯ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್, ಮೆಕ್ಯಾನಿಕ್‌ಗಳ ಬಾಯಲ್ಲಿ 1ಕೆಡಿ. ಗಟ್ಟಿ ಎಂಜಿನ್ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ‘ಟೊಯೋಟಾ ಅಲ್ವಾ, ಏನೂ ಆಗಲ್ಲ’ ಎಂದು ಕಣ್ಣು ಮುಚ್ಚಿ ದುಡ್ಡು ಕೊಡುವವರು ಒಂದು ಸಣ್ಣ ತಾಮ್ರದ ವಾಷರ್ ಬಗ್ಗೆ ತಿಳಿದಿರಲೇಬೇಕು.

ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಪ್ರತಿ ಇಂಜೆಕ್ಟರಿನ ಬುಡದಲ್ಲಿ ಸೀಲ್ ಆಗಿ ಈ ತಾಮ್ರದ ವಾಷರ್ ಇರುತ್ತದೆ. ವರ್ಷಗಳು ಕಳೆದಂತೆ ಅದು ಹಿಡಿತ ಬಿಡುತ್ತದೆ. ಆಗ ಸಿಲಿಂಡರಿನೊಳಗೆ ಉರಿದ ಗ್ಯಾಸು ಇಂಜೆಕ್ಟರ್ ಪಕ್ಕದಿಂದ ಮೇಲೆ ನುಗ್ಗಿ, ವಾಲ್ವ್ ಕವರಿನ ಒಳಗೆ ಮಸಿಯನ್ನು ತಂದು ಹಾಕುತ್ತದೆ. ಮಸಿ ಆಯಿಲ್‌ನೊಂದಿಗೆ ಬೆರೆತು ಡಾಂಬರಿನಂತಾಗಿ ಕೆಳಗಿಳಿದು, ಎಂಜಿನ್ ತಳದ ಆಯಿಲ್ ತೊಟ್ಟಿ, ಅಂದರೆ ಸಂಪಿನಲ್ಲಿರುವ ಸ್ಟ್ರೈನರ್ ಜಾಲರಿಯನ್ನು ಮುಚ್ಚುತ್ತದೆ. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಮಟ್ಟ ಸರಿಯಾಗಿಯೇ ಇರುತ್ತದೆ, ಪಂಪಿಗೆ ಮಾತ್ರ ಆಯಿಲ್ ಸಿಗುವುದಿಲ್ಲ. ಆಮೇಲೆ ಟರ್ಬೊ, ಕ್ರ್ಯಾಂಕಿನ ಬೇರಿಂಗ್, ಒಂದೊಂದೇ ಹೋಗುತ್ತವೆ. ಆಯಿಲ್ ದೀಪ ಹತ್ತುವ ಹೊತ್ತಿಗೆ ಬಹುತೇಕ ಹಾನಿ ಆಗಿಬಿಟ್ಟಿರುತ್ತದೆ.

ಇದನ್ನು ಕಂಡುಹಿಡಿಯಲು ನಮ್ಮ ಮಲೆನಾಡಿನ ಬೆಳಗಿನ ಚಳಿಯೇ ಒಳ್ಳೆಯ ಸಹಾಯ. ಬೆಳಿಗ್ಗೆ ಏಳರೊಳಗೆ ಗಾಡಿ ಇರುವಲ್ಲಿಗೇ ಹೋಗಿ. ‘ನಾನು ಬರುವ ತನಕ ಸ್ಟಾರ್ಟ್ ಮಾಡ್ಬೇಡಿ’ ಎಂದು ಮೊದಲೇ ಹೇಳಿರಿ, ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬನ್ನಿ. ತಣ್ಣಗಿನ ಎಂಜಿನ್ ಮೊದಲ ಒಂದೆರಡು ನಿಮಿಷ ಟಕಟಕ ಬಡಿದು, ಬಿಳಿ ಹೊಗೆ ಉಗುಳಿ, ಬಿಸಿಯಾದ ಮೇಲೆ ಸುಮ್ಮನಾದರೆ ಇಂಜೆಕ್ಟರ್ ಅಥವಾ ಸೀಲ್ ಮೇಲೆ ಅನುಮಾನ ಪಡಿ. ಆಯಿಲ್ ಹಾಕುವ ಮುಚ್ಚಳ ತೆಗೆದು ಬೆರಳಾಡಿಸಿ. ಡೀಸೆಲ್ ಗಾಡಿಯ ಆಯಿಲ್ ಕಪ್ಪಗಿರುವುದು ಸಹಜ, ಗಟ್ಟಿ ಮಸಿ ಅಂಟಿರುವುದು ಸಹಜವಲ್ಲ.

ಮುಂದಿನ ಹೆಜ್ಜೆ ಸ್ಕ್ಯಾನರ್. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿರುವಾಗ ನಾಲ್ಕೂ ಇಂಜೆಕ್ಟರಿನ ಫೀಡ್‌ಬ್ಯಾಕ್ ಅಂಕಿ (ಎಂಜಿನ್ನಿನ ಕಂಪ್ಯೂಟರ್ ಡೀಸೆಲ್ ಅಳತೆಗೆ ಮಾಡುವ ತಿದ್ದುಪಡಿ) ಮೈನಸ್ 3ರಿಂದ ಪ್ಲಸ್ 3ರ ಒಳಗಿರಬೇಕು. ಒಂದೇ ಒಂದು ಹೊರಗಿದ್ದರೂ ಆ ಇಂಜೆಕ್ಟರಿನ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಕೊನೆಯದಾಗಿ, ಆಯಿಲ್ ಇಳಿಸಿ ಡ್ರೈನ್ ಬೋಲ್ಟಿನ ತೂತಿನಿಂದ ಬೋರೋಸ್ಕೋಪ್ (ವೈರಿನ ತುದಿಯ ಸಣ್ಣ ಕ್ಯಾಮೆರಾ) ತೂರಿಸಿ ಸ್ಟ್ರೈನರ್ ನೋಡಿ. ಮಾರುವವರು ಒಪ್ಪದಿದ್ದರೆ ಆಯಿಲ್ ಮತ್ತು ಫಿಲ್ಟರಿನ ದುಡ್ಡು ನಾನೇ ಕೊಡುತ್ತೇನೆ ಎನ್ನಿ. ಆಗಲೂ ಬೇಡ ಅಂದರೆ, ನನ್ನ ಪ್ರಕಾರ ಆ ಗಾಡಿ ಬಿಟ್ಟುಬಿಡುವುದೇ ಸರಿ.

ಸೀಲ್ ಬದಲಿಸುವಾಗ ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಬಿಚ್ಚಿದ ತಾಮ್ರದ ವಾಷರನ್ನು ಮತ್ತೆ ಹಾಕಲೇಬಾರದು. ಅದು ಕೂರುವ ಜಾಗದ ಮಸಿಯನ್ನು ಪೂರ್ತಿ ಕೆರೆದು ಒರೆಸದೆ ಹೊಸದನ್ನು ಕೂರಿಸಿದರೆ ಮತ್ತೆ ಸೋರುತ್ತದೆ. ಹೊಸ ಇಂಜೆಕ್ಟರ್ ಹಾಕಿದರೆ ಅದರ ತಲೆಯ ಮೇಲಿರುವ ಕೋಡ್ ನಂಬರನ್ನು ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ತುಂಬಿಸಬೇಕು, ಗ್ಯಾರೇಜಿನವರು ಇದನ್ನು ಮರೆಯುವುದುಂಟು. ಆಯಿಲ್ ಫಿಲ್ಟರ್ ಸಮೇತ ಸುಮಾರು 7 ಲೀಟರ್ ಹಿಡಿಯುತ್ತದೆ. ಘಾಟಿ, ಕೆಸರು, ತೋಟದ ಫಸ್ಟ್ ಗೇರ್ ಓಡಾಟವೇ ಹೆಚ್ಚಾದರೆ 5,000 ಕಿಮೀಗೆ ಬದಲಿಸಿ.

ಟೈಮಿಂಗ್ ಬೆಲ್ಟ್ ಈ ಎಂಜಿನ್ನಿನ ಇನ್ನೊಂದು ಪ್ರಾಣ. ಅದು ತುಂಡಾದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿಯುತ್ತವೆ. ಬೆಲ್ಟ್ ಬದಲಿಸುವ ಹೊತ್ತಾಯಿತೆಂದು ತೋರಿಸುವ ಡ್ಯಾಶ್‌ಬೋರ್ಡಿನ ದೀಪವನ್ನು ಬೆಲ್ಟ್ ಬದಲಿಸದೆಯೂ ಆರಿಸಬಹುದು, ಹಾಗಾಗಿ ದೀಪ ಹತ್ತಿಲ್ಲ ಎನ್ನುವುದು ಪುರಾವೆಯಲ್ಲ. ಬಿಲ್ ಇಲ್ಲವೆಂದರೆ ಬೆಲ್ಟ್ ಬದಲಿಸಿಲ್ಲ ಎಂದೇ ಲೆಕ್ಕ. ಟೆನ್ಷನರ್ ಮತ್ತು ಐಡ್ಲರ್ ಬೇರಿಂಗ್ ಸಮೇತ ಮೊದಲ ವಾರದಲ್ಲೇ ಹಾಕಿಸಿಬಿಡಿ.

ಗಾಡಿ ಎಲ್ಲಿಯದು ಎಂಬುದೂ ಮುಖ್ಯ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳಿಗೆ ನಿರ್ಬಂಧ ಬಂದದ್ದರಿಂದ ಅಲ್ಲಿಯ ಗಾಡಿಗಳು ಅಗ್ಗವಾಗಿ ಸಿಗುತ್ತವೆ. ಎನ್‌ಒಸಿ, ಇಲ್ಲಿಯ ರಸ್ತೆ ತೆರಿಗೆ, ಕೆಎ-13 ಅಥವಾ ಕೆಎ-18 ನೋಂದಣಿ, ಎಲ್ಲ ಸೇರಿಸಿದರೆ ಆ ಅಗ್ಗದಲ್ಲಿ ಬಹಳಷ್ಟು ಕರಗುತ್ತದೆ. ಮಂಗಳೂರು, ಉಡುಪಿಯ ಗಾಡಿಯಾದರೆ ಉಪ್ಪುಗಾಳಿಗೆ ಚಾಸಿ ತುಕ್ಕು ಹಿಡಿದಿದೆಯೇ ಎಂದು ಕೆಳಗೆ ಮಲಗಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. 2015ರಲ್ಲಿ ಚೆನ್ನೈಯಲ್ಲಿ, 2018ರಲ್ಲಿ ಕೇರಳದಲ್ಲಿ ಬಂದ ನೆರೆಯನ್ನೂ ನೆನಪಿಡಿ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದಾಗ ಕೆಸರಿನ ಕಲೆ ಕಂಡರೆ, ಸೀಟಿನಡಿಯ ವೈರಿಂಗ್ ಕನೆಕ್ಟರ್ ಹಸಿರುಗಟ್ಟಿದ್ದರೆ ಆ ಗಾಡಿ ಮುಳುಗಿದ್ದೇ. ಆರ್‌ಸಿಯಲ್ಲಿ ಹೈಪೊಥಿಕೇಶನ್ (ಗಾಡಿಯ ಮೇಲಿನ ಸಾಲದ ದಾಖಲೆ) ತೆಗೆದಿದ್ದಾರಾ, 15 ವರ್ಷ ತುಂಬಿದ್ದರೆ ನೋಂದಣಿ ನವೀಕರಣ ಆಗಿದೆಯಾ ನೋಡಿಕೊಳ್ಳಿ. ವರ್ಗಾವಣೆಗೆ ಫಾರ್ಮ್ 29 ಮತ್ತು 30 ಬೇಕು.

ಫೋರ್ ವೀಲ್ ಮಾದರಿಯಲ್ಲಿ ನಾಲ್ಕೂ ಚಕ್ರಕ್ಕೆ ಸದಾ ಶಕ್ತಿ ಹೋಗುತ್ತದೆ. ಹಾಗಾಗಿ ಮುಂದೆ ಹೊಸ ಟೈರು, ಹಿಂದೆ ಸವೆದದ್ದು ಹಾಕಿದರೆ ಮುಂದಿನ ಹಿಂದಿನ ಚಕ್ರಗಳ ವೇಗದ ವ್ಯತ್ಯಾಸ ಸರಿದೂಗಿಸುವ ನಡುವಿನ ಡಿಫರೆನ್ಷಿಯಲ್ ಬಿಡುವಿಲ್ಲದೆ ತಿರುಗಿ ಸವೆಯುತ್ತದೆ. 265/65 ಆರ್17ರ ನಾಲ್ಕೂ ಒಂದೇ ಬ್ರ್ಯಾಂಡು, ಒಂದೇ ಸವೆತ ಇರಲಿ. ಡಿಫರೆನ್ಷಿಯಲ್ ಲಾಕ್ ಸರಿಯಿದೆಯೇ ಎಂದು ಕೆಸರಿನಲ್ಲಿ ಪರೀಕ್ಷಿಸಿ, ಒಣ ಟಾರಿನ ಮೇಲೆ ಲಾಕ್ ಹಾಕಿ ತಿರುಗಿಸಬೇಡಿ. ಗಾಡಿ ಹೊರಡುವಾಗ ‘ಟಕ್’ ಎಂದರೆ ಹೆಚ್ಚಿನ ಸಲ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಗ್ರೀಸ್ ಒಣಗಿರುತ್ತದೆ. ಅದರ ತಿರುಗುವ ಕೀಲಾದ ಸ್ಪೈಡರ್ ಜಾಯಿಂಟಿಗೆ ಹಳೆ ಗ್ರೀಸ್ ಹೊರಬರುವವರೆಗೆ ತುಂಬಿ, ಜಾರುವ ಸ್ಲಿಪ್ ಯೋಕ್‌ಗೆ ಮೂರ್ನಾಲ್ಕು ಪಂಪ್ ಸಾಕು. ಹಳ್ಳ ದಾಟಿದ ಗಾಡಿಯ ಡಿಫರೆನ್ಷಿಯಲ್ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಹೊಕ್ಕಿದೆ ಎಂದರ್ಥ. ಆಯಿಲ್ ಬದಲಿಸುವುದರ ಜೊತೆಗೆ ಗಾಳಿಯಾಡುವ ಬ್ರೀದರ್ ಪೈಪನ್ನೂ ಪರೀಕ್ಷಿಸಿ.

ಇಷ್ಟು ಭಾರದ ಗಾಡಿಗೆ ಹಿಂದೆ ಡ್ರಮ್ ಬ್ರೇಕು. ಚಾರ್ಮಾಡಿ, ಶಿರಾಡಿಯಲ್ಲಿ ಇಳಿಯುವಾಗ ಪೆಡಲ್ ಒತ್ತಿಕೊಂಡೇ ಇರದೆ ಕೆಳಗಿನ ಗೇರಿನಲ್ಲಿ ಇಳಿಯಿರಿ. ಡಾಟ್ 3 ಬ್ರೇಕ್ ಆಯಿಲ್ ಹೊಸದಿರುವಾಗ 205 ಡಿಗ್ರಿಯವರೆಗೆ ಕುದಿಯುವುದಿಲ್ಲ, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ನಮ್ಮ ಮಳೆಗೆ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಮಳೆಗಾಲ ಮುಗಿದ ಕೂಡಲೇ ಡ್ರಮ್ ಬಿಚ್ಚಿಸಿ, ಒಳಗೆ ಕೂತ ಕೆಂಪು ಕೆಸರನ್ನು ತೆಗೆಸಿ.

ತೋಟದವರಿಗೆ ಇನ್ನೊಂದು ವಿಷಯ. ಪಂಪ್‌ಸೆಟ್, ಟಿಲ್ಲರಿಗೆಂದು ಬ್ಯಾರಲ್ಲಿನಲ್ಲಿ ಇಟ್ಟ ಡೀಸೆಲನ್ನು ಈ ಗಾಡಿಗೆ ಹಾಕಬೇಡಿ. ಬ್ಯಾರಲ್ಲಿನ ತಳದಲ್ಲಿ ನಿಂತ ನೀರು ಮತ್ತು ತುಕ್ಕು ಹಳೆ ಟಿಲ್ಲರಿಗೆ ಹೇಗೋ ನಡೆಯಬಹುದು, ಕಾಮನ್ ರೈಲ್ ಇಂಜೆಕ್ಟರಿಗೆ ಅದು ವಿಷ. ಡೀಸೆಲ್ ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ನೀರು ಇಳಿಸಿ, ಮತ್ತೆ ಬಿಗಿ ಮಾಡಿ, ಮೇಲಿನ ಕೈಪಂಪು ಗಟ್ಟಿಯಾಗುವವರೆಗೆ ಒತ್ತಿ ಸ್ಟಾರ್ಟ್ ಮಾಡಿ.