ಮಗುವಿನ ಮೊದಲ ಸಿನಿಮಾ ನೀವು ಕಾಯುತ್ತಿದ್ದ ಸಿನಿಮಾ ಆಗಿರಬಾರದು

ಮಗುವನ್ನು ಸಿನಿಮಾಕ್ಕೆ ಯಾವಾಗಿಂದ ಕರ್ಕೊಂಡು ಹೋಗಬಹುದು ಅಂತ ಕೇಳಿದರೆ ನಮ್ಮ ಬಾಗಲಕೋಟೆಯಲ್ಲಿ ಬಹಳಷ್ಟು ಮಂದಿ ಹೇಳುವುದು "ಮೂರು ತುಂಬಲಿ" ಅಂತ. ಈ ಮೂರು ಎಲ್ಲಿಂದ ಬಂತು? ಟಿಕೆಟ್‌ನಿಂದ. ಮಲ್ಟಿಪ್ಲೆಕ್ಸ್‌ಗಳಲ್ಲಿ ಸಾಮಾನ್ಯವಾಗಿ ಮೂರು ತುಂಬಿದ ಮಗುವಿಗೂ ಟಿಕೆಟ್ ತಗೋಬೇಕು, ಅದಕ್ಕಿಂತ ಚಿಕ್ಕದಾದರೆ ತೊಡೆ ಮೇಲೆ. ಅದು ಸೀಟಿನ ಲೆಕ್ಕ. ಮಗುವಿನ ಲೆಕ್ಕ ಅಲ್ಲ. ಇನ್ನು ಕೆಲವರು ಇದನ್ನೇ ಉಲ್ಟಾ ಹಿಡಿದು "ಮೂರು ತುಂಬೋದ್ರೊಳಗ ನೋಡಿ ಬಂದುಬಿಡ್ರಿ, ರೊಕ್ಕ ಉಳಿತದ" ಅನ್ನುತ್ತಾರೆ. ನಮ್ಮ ನವನಗರದ ಓಣಿಯಲ್ಲೇ ಇದ್ದಾರೆ ಅಂಥವರು.

ನನ್ನ ಪ್ರಕಾರ ವಯಸ್ಸು ಎರಡನೇ ಮಾತು. ಮೊದಲನೇ ಮಾತು ಏನಂದ್ರೆ, ಇಪ್ಪತ್ತನೇ ನಿಮಿಷಕ್ಕೆ ಮಗು "ಸಾಕು, ಮನೀಗೆ ಹೋಗೂಣ" ಅಂದರೆ ನೀವು ಎದ್ದು ಬರುತ್ತೀರಾ? ಮುಖ ಗಂಟು ಹಾಕದೆ? ಬರುತ್ತೇನೆ ಅನ್ನುವವರು ನಾಲ್ಕಕ್ಕೂ ಕರ್ಕೊಂಡು ಹೋಗಿ ನೋಡಬಹುದು. ಬರಲ್ಲ ಅನ್ನುವವರು ಏಳಾದರೂ ಕಾಯುವುದೇ ಒಳ್ಳೆಯದು. ಆದ್ದರಿಂದಲೇ ಮೊದಲ ಸಲ ನಿಮಗೇ ನೋಡಬೇಕು ಅಂತ ಆಸೆ ಇರುವ ಸಿನಿಮಾಕ್ಕೆ ಮಗುವನ್ನು ಕರ್ಕೊಂಡು ಹೋಗಬೇಡಿ. ನೆಚ್ಚಿನ ಹೀರೋ ಸಿನಿಮಾದ ಮೊದಲ ದಿನವಂತೂ ಬೇಡವೇ ಬೇಡ. ಹೊರಗೆ ಪಟಾಕಿ, ಒಳಗೆ ಶಿಳ್ಳೆ, ಪರದೆ ಮುಂದೆ ಕುಣಿಯುವವರು. ದೊಡ್ಡವರಿಗೆ ಅದೇ ಮಜಾ, ಒಪ್ಪಿದೆ. ಆದರೆ ಅಲ್ಲಿ ಮಗು ಅತ್ತರೆ ಸಿಟ್ಟು ಬರುವುದು ನಿಮಗೇ, ಬೈಸಿಕೊಳ್ಳುವುದು ಅದು.

ನಮ್ಮತ್ತೆ ಇದನ್ನೆಲ್ಲ ಒಪ್ಪುವವರಲ್ಲ. ಅವರ ವಾದ ಬನಶಂಕರಿ ಜಾತ್ರೆಯದು. ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರ ತೇರು ಎಳೆದ ಮೇಲೆ ಜಾತ್ರೆ ವಾರಗಟ್ಟಲೆ ನಡೆಯುತ್ತದೆ, ನಾಟಕ ಕಂಪನಿಗಳು ಸಾಲಾಗಿ ಟೆಂಟ್ ಹಾಕುತ್ತವೆ, ರಾತ್ರಿಯಿಡೀ ಆಟ. "ನಿನ್ನ ಗಂಡ ಕೈಗೂಸಿದ್ದಾಗ ಬೆಳತನಕ ನನ್ನ ತೊಡಿ ಮ್ಯಾಲೆ ಮಲಗಿ ನಾಟಕ ನೋಡ್ಯಾನ, ಏನಾತು ಅವಂಗ?" ಅಂತ ಕೇಳುತ್ತಾರೆ. ಏನಾಯಿತು ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇದೆ, ಆದರೆ ಅದು ಇಲ್ಲಿ ಬೇಡ.

ತಮಾಷೆ ಬಿಡಿ, ಅವರ ಮಾತಲ್ಲಿ ನಿಜ ಇದೆ. ಆದರೆ ನಾಟಕದ ಟೆಂಟ್ ಬೇರೆ, ಟಾಕೀಜು ಬೇರೆ. ಟೆಂಟಿನಲ್ಲಿ ಪೂರ್ತಿ ಕತ್ತಲೆ ಇರಲ್ಲ. ಸ್ಟೇಜಿನ ಮೇಲಿರುವವನು ಮನುಷ್ಯನ ಅಳತೆಯಲ್ಲೇ ಇರುತ್ತಾನೆ, ಅವನ ಮುಖ ಗೋಡೆಯಷ್ಟು ದೊಡ್ಡದಾಗಿ ಮೈಮೇಲೆ ಬರಲ್ಲ. ಬೇಜಾರಾದರೆ ಎದ್ದು ಹೊರಗೆ ಹೋಗಿ ಮಿರ್ಚಿ ಭಜಿ ತಿಂದು, ತೊಟ್ಟಿಲು ಆಡಿ, ಮತ್ತೆ ಬಂದು ಕೂರಬಹುದು. ಯಾರೂ ತಿರುಗಿ ನೋಡಲ್ಲ. ಕೂಸು ಅತ್ತರೆ ಪಕ್ಕದ ಅಜ್ಜಿ ಎತ್ತಿಕೊಳ್ಳುತ್ತಾಳೆ. ಟಾಕೀಜಿನಲ್ಲಿ ಕೂಸು ಅತ್ತರೆ ಹಿಂದಿನಿಂದ "ಶ್ಶ್" ಅಂತ ಬರುತ್ತದೆ, ಅಷ್ಟೇ.

ಮೊದಲು ಸದ್ದಿನ ವಿಷಯ ಹೇಳುತ್ತೇನೆ, ಯಾಕಂದ್ರೆ ಜನ ಇದನ್ನೇ ಮರೆಯುತ್ತಾರೆ. ಸಿನಿಮಾ ಥಿಯೇಟರಿನ ಸೌಂಡ್ ಹೊಂದಿಸುವಾಗ 85 ಡೆಸಿಬಲ್ ಅನ್ನು ಅಳತೆಯಾಗಿ ಇಟ್ಟುಕೊಳ್ಳುತ್ತಾರೆ. ಸ್ಫೋಟ, ಫೈಟು ಬಂದಾಗ ಪರದೆ ಹಿಂದಿನ ಒಂದೊಂದು ಸ್ಪೀಕರೂ 105ರವರೆಗೆ ಏರಲು ಜಾಗ ಬಿಟ್ಟಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಹೆಡ್‌ಫೋನ್‌ನಲ್ಲಿ ಹಾಡು ಕೇಳುವವರಿಗೆ ಹಾಕಿರುವ ಮಿತಿ ವಾರಕ್ಕೆ 40 ತಾಸಿಗೆ ದೊಡ್ಡವರಿಗೆ 80, ಮಕ್ಕಳಿಗೆ 75 ಡೆಸಿಬಲ್. ಒಂದು ಸಿನಿಮಾದಿಂದ ಕಿವಿ ಹಾಳಾಗುತ್ತದೆ ಅಂತ ನಾನು ಹೆದರಿಸುತ್ತಿಲ್ಲ. ಆದರೆ ಮನೆ ಟಿವಿ ಸದ್ದಿಗೆ ಹೊಂದಿಕೊಂಡ ಮಗುವಿಗೆ ಅದು ಎದೆಗೇ ಬಡಿದ ಹಾಗಿರುತ್ತದೆ. ಕಿವಿ ಮೇಲೆ ಹಾಕುವ ಮಕ್ಕಳ ಇಯರ್‌ಮಫ್ ಆನ್‌ಲೈನಿನಲ್ಲಿ ಸಿಗುತ್ತದೆ, ತಗೊಳ್ಳಿ. ಹತ್ತಿ ಉಂಡೆ ತುರುಕಬೇಡಿ, ಅದರಿಂದ ಏನೂ ಆಗಲ್ಲ. ಸೀಟು ಗೋಡೆ ಸ್ಪೀಕರಿನ ಪಕ್ಕದ್ದು ಬೇಡ, ಮುಂದಿನ ಸಾಲಂತೂ ಬೇಡ. ಹಿಂದಿನ ಭಾಗದಲ್ಲಿ, ದಾರಿಗೆ ಅಂಟಿಕೊಂಡ ಸೀಟು ಸಿಕ್ಕರೆ ಎದ್ದು ಬರುವುದೂ ಸುಲಭ.

ನಮ್ಮ ಮಗಳಿಗೆ ಕಷ್ಟ ಕೊಡುವುದು ಕತ್ತಲೆಯಲ್ಲ, ಸದ್ದು ಅಂತ ನಮಗೆ ಗೊತ್ತಾಗಿದ್ದು ವಿಜಯಪುರದಲ್ಲಿ, ಗೋಳಗುಮ್ಮಟದಲ್ಲಿ. ಮೂಲೆ ಗೋಪುರದ ಆ ಇಕ್ಕಟ್ಟು ಮೆಟ್ಟಿಲು ನೋಡಿದ್ದೀರಲ್ಲ? ಮಬ್ಬುಗತ್ತಲೆ, ಎತ್ತರದ ಮೆಟ್ಟಿಲು, ಮೇಲಿಂದ ಇಳಿಯುವವರ ನೂಕುನುಗ್ಗಲು. ಅವಳು ಅಪ್ಪನ ಕೈ ಹಿಡಿದು ಒಂದೊಂದೇ ಅಂತಸ್ತು ಎಣಿಸುತ್ತ ಆರಾಮಾಗಿ ಹತ್ತಿದಳು. ಮೇಲೆ ಗ್ಯಾಲರಿಗೆ ಕಾಲಿಟ್ಟೆವು. ಯಾವುದೋ ಶಾಲೆಯ ಹುಡುಗರು "ಓಓ" ಅಂತ ಕೂಗುತ್ತಿದ್ದರು. ಅಲ್ಲಿ ಒಂದು ಕೂಗು ಹಾಕಿದರೆ ಗುಮ್ಮಟ ಸುತ್ತಿ ಮತ್ತೆ ಮತ್ತೆ ವಾಪಸ್ ಬರುತ್ತದೆ. ಇವಳು ಎರಡೂ ಕೈ ಕಿವಿಗೆ ಒತ್ತಿ ನನ್ನ ಚೂಡಿದಾರದೊಳಗೆ ಮುಖ ಹುದುಗಿಸಿದಳು. ಅಳಲಿಲ್ಲ. "ಯಾರು ಒದರಾಕತ್ತಾರ, ಕಾಣವಲ್ಲರು" ಅಂದಳು. ಎದುರಿಗೇ ಹುಡುಗರು ನಿಂತಿದ್ದರೂ ಸದ್ದು ಬರುತ್ತಿದ್ದದ್ದು ಬೆನ್ನ ಹಿಂದಿನಿಂದ. ಈಗಿನ ಥಿಯೇಟರಿನಲ್ಲೂ ಅದೇ ಅಲ್ವಾ? ಚಿತ್ರ ಮುಂದೆ, ಗುಡುಗು ಹಿಂದೆ.

ಹಾಗಾಗಿ ನಿಮ್ಮ ಮಗುವಿಗೆ ಯಾವುದು ಆಗಲ್ಲ ಅಂತ ಮೊದಲು ಪತ್ತೆ ಹಚ್ಚಿ. ಮದುವೆ ಮನೆಯ ಬ್ಯಾಂಡ್, ಗಣಪತಿ ಮೆರವಣಿಗೆಯ ಡಿಜೆ, ಕರೆಂಟು ಹೋದ ರಾತ್ರಿ, ಇವೇ ಸಾಕು. ಮನೆಯಲ್ಲಿ ಒಂದು ಮಧ್ಯಾಹ್ನ ಪರದೆ ಎಳೆದು, ಲೈಟು ಆರಿಸಿ, ಟಿವಿಯಲ್ಲಿ ಒಂದು ಪೂರ್ತಿ ಮಕ್ಕಳ ಸಿನಿಮಾ ಹಾಕಿ. ರಿಮೋಟು ನಿಮ್ಮ ಹತ್ತಿರ ಇರಲಿ. ನಿಲ್ಲಿಸುವುದಿಲ್ಲ, ಮುಂದೆ ಓಡಿಸುವುದಿಲ್ಲ. ಮೊಬೈಲಿನಲ್ಲಿ ಬೇಡದ್ದನ್ನು ಬೆರಳಲ್ಲಿ ತಳ್ಳಿ ಅಭ್ಯಾಸ ಆದ ಮಕ್ಕಳಿಗೆ ಇದೇ ದೊಡ್ಡ ಪರೀಕ್ಷೆ. ಎರಡು ವರ್ಷದೊಳಗಿನವರಿಗೆ ಸ್ಕ್ರೀನೇ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ತಾಸು ದಾಟಬಾರದು ಅನ್ನುತ್ತಾರೆ ನಮ್ಮ ದೇಶದ ಮಕ್ಕಳ ವೈದ್ಯರ ಸಂಘದವರು. ಕನ್ನಡ ಸಿನಿಮಾ ಎರಡು ತಾಸಿನ ಮೇಲೆ ಇರುತ್ತದೆ. ಒಂದು ದಿನಕ್ಕೆ ಏನೂ ಆಗಲ್ಲ ಅಂತ ನನಗೂ ಗೊತ್ತು, ಆದರೆ ಒಂದು ತಾಸಿಗೆ ಮಗು ಎದ್ದರೆ ಅದು ಹಠ ಅಲ್ಲ ಅನ್ನುವುದಾದರೂ ನೆನಪಿರಲಿ. ಇಂಟರ್ವಲ್‌ಗೆ ಎದ್ದು ಬಂದರೂ ಪೂರ್ತಿ ಸಿನಿಮಾ ನೋಡಿದ ಹಾಗೇ.

ಸರ್ಟಿಫಿಕೇಟ್ ನೋಡಿ ಹೋಗುವವರು ಬಹಳ ಕಡಿಮೆ. ನೋಡಬೇಕು. ಮೊದಲು ಯು/ಎ ಅಂತ ಒಂದೇ ಇತ್ತು. 2023ರಲ್ಲಿ ಸಿನಿಮಾ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಅದು ಯುಎ 7+, ಯುಎ 13+, ಯುಎ 16+ ಅಂತ ಮೂರು ಆಗಿದೆ. ಎ ಸರ್ಟಿಫಿಕೇಟ್ ಇದ್ದರೆ 18ರೊಳಗಿನವರಿಗೆ ಪ್ರವೇಶವೇ ಇಲ್ಲ. ಆದರೆ ಈ ಯುಎ ನಂಬರುಗಳು ಅಪ್ಪ ಅಮ್ಮನಿಗೆ ಹೇಳುವ ಮಾತು ಅಷ್ಟೇ. ನೀವು ನಾಲ್ಕರ ಮಗುವನ್ನು 13+ಗೆ ಕರ್ಕೊಂಡು ಹೋದರೆ ಗೇಟಿನವನು ತಡೆಯಬೇಕು ಅಂತ ಕಾನೂನಿಲ್ಲ. ಇನ್ನು ಯು ಅಂದರೆ ಮಕ್ಕಳ ಸಿನಿಮಾ ಅಂತಲ್ಲ, ಯಾರು ಬೇಕಾದರೂ ನೋಡಬಹುದು ಅಂತ. ಅದರಲ್ಲೂ ತಾಯಿ ಸಾಯಬಹುದು, ಮಗು ಜಾತ್ರೆಯಲ್ಲಿ ಕಳೆದುಹೋಗಬಹುದು. ನಾಲ್ಕೈದು ವರ್ಷದ ಮಗುವಿಗೆ ರಕ್ತಕ್ಕಿಂತ ಜಾಸ್ತಿ ಕಾಡುವುದು ಇದು, ಮತ್ತೆ ಇದ್ದಕ್ಕಿದ್ದ ಹಾಗೆ ಬದಲಾಗುವ ಮುಖ. ಒಳ್ಳೆಯ ಮನುಷ್ಯ ಕಣ್ಣೆದುರೇ ರಾಕ್ಷಸ ಆಗಿಬಿಟ್ಟರೆ "ಅದು ಸುಳ್ಳು ಪುಟ್ಟಿ" ಅಂದರೆ ಆ ವಯಸ್ಸಿಗೆ ಅರ್ಥ ಆಗಲ್ಲ. ಎಂಟರ ಹುಡುಗನಿಗೆ ಆಗುತ್ತದೆ. ಸಣ್ಣವರಿಗೆ ಮಾತಿಗಿಂತ ತೊಡೆ ಮೇಲೆ ಕೂರಿಸಿಕೊಂಡರೆ ಸಾಕು.

ಯಾರೂ ಹೇಳದ ಇನ್ನೊಂದು ಸಂಗತಿ ಇದೆ. ತಂಬಾಕಿನ ಜಾಹೀರಾತು. 2012ರಿಂದ ಇದು ನಿಯಮ, ಸಿನಿಮಾದಲ್ಲಿ ಬೀಡಿ ಸಿಗರೇಟು ಗುಟ್ಕಾ ಏನಾದರೂ ಇದ್ದರೆ ಶುರುವಿಗೂ ಮಧ್ಯದಲ್ಲೂ ಎಚ್ಚರಿಕೆ ತೋರಿಸಲೇಬೇಕು. ಒಳ್ಳೆಯದೇ, ನಮ್ಮ ಕಡೆ ಗುಟ್ಕಾ ಹಾವಳಿಗೆ ಅದು ಬೇಕು ಕೂಡ. ಆದರೆ ಕೆಲವು ಜಾಹೀರಾತಿನಲ್ಲಿ ಕ್ಯಾನ್ಸರ್ ಆದ ಬಾಯಿಯನ್ನು ಪರದೆ ತುಂಬ ತೋರಿಸುತ್ತಾರೆ. ಮಗಳು ಅದನ್ನು ನೋಡಿ ಬಂದ ಮೇಲೆ ಸಿನಿಮಾದ ಕತೆ ಒಂದು ಮಾತೂ ಹೇಳಲಿಲ್ಲ. ಮನೆಗೆ ಬಂದವಳೇ ಕಟ್ಟೆ ಮೇಲೆ ಕೂತಿದ್ದ ಕಾಕಾನ ಹತ್ತಿರ ಹೋಗಿ "ಬಾಯಿ ತೆಗಿ, ನೋಡ್ತೀನಿ" ಅಂದಳು. ಅವನ ಬಾಯಲ್ಲಿ ಎಲೆ ಅಡಿಕೆ ತಂಬಾಕು. ತೆಗೆಯಲಿಲ್ಲ. ಒಂದಿಷ್ಟು ದಿನ ಅವಳ ಕಣ್ಣಿಗೆ ಬೀಳದ ಹಾಗೆ ಹಿತ್ತಲಿಗೆ ಹೋಗಿ ಹಾಕಿಕೊಳ್ಳುತ್ತಿದ್ದ. ಸರ್ಕಾರದ ಕೆಲಸ ಆಯಿತು ಅನ್ನಿ. ಈಗ ನಾವು ಬೇಕಂತಲೇ ಹತ್ತು ಹದಿನೈದು ನಿಮಿಷ ತಡವಾಗಿ ಒಳಗೆ ಹೋಗುತ್ತೇವೆ. ಟ್ರೇಲರುಗಳ ಅಬ್ಬರವೂ ತಪ್ಪುತ್ತದೆ.

ಎಲ್ಲಿಗೆ ಹೋಗಬೇಕು? ಇಲ್ಲಿ ನನ್ನ ಮಾತು ಕೆಲವರಿಗೆ ಹಿಡಿಸಲ್ಲ. ಎಲ್ಲರೂ ಮೊದಲ ಸಲ ಅಂತ ಹುಬ್ಬಳ್ಳಿಗೆ ಹೊರಡುತ್ತಾರೆ. ಮಾಲ್, ಎಸ್ಕಲೇಟರ್, ಮಲ್ಟಿಪ್ಲೆಕ್ಸ್. ಕಾರಿನಲ್ಲಿ ಎರಡು ಎರಡೂವರೆ ತಾಸು ಕೂತು, ದುಬಾರಿ ಪಾಪ್‌ಕಾರ್ನ್ ಕೊಂಡು, ಆಮೇಲೆ ಇಪ್ಪತ್ತು ನಿಮಿಷಕ್ಕೆ ಎದ್ದು ಬಾ ಅಂದರೆ ಯಾವ ಅಪ್ಪ ಬರುತ್ತಾನೆ ಹೇಳಿ? ಊರಿನ ಟಾಕೀಜೇ ವಾಸಿ. ಟಿಕೆಟ್ ಅಗ್ಗ, ಮನೆ ಹತ್ತಿರ, ಮಧ್ಯಾಹ್ನದ ಆಟಕ್ಕೆ ಜನ ಕಡಿಮೆ. ಎದ್ದು ಬಂದರೂ ಹೊಟ್ಟೆ ಉರಿಯಲ್ಲ. ಸೀಟು ಮಾತ್ರ ನೋಡಿಕೊಳ್ಳಿ. ಮಡಚುವ ಸೀಟು ಮಗುವಿನ ಭಾರಕ್ಕೆ ಕೆಳಗೆ ನಿಲ್ಲಲ್ಲ, ಟಪ್ ಅಂತ ಮೇಲೆದ್ದು ಮಗು ಒಳಗೆ ಸಿಕ್ಕಿಕೊಂಡು ಎರಡು ಕಾಲು ಮಾತ್ರ ಹೊರಗೆ ಕಾಣುತ್ತದೆ. ಮಗಳಿಗೆ ಅದೇ ಆಟ ಆಗಿ, ಮುಂದಿನವರು ತಿರುಗಿ ನೋಡುವಷ್ಟು ನಕ್ಕಳು. ಒಂದು ದಪ್ಪ ದಿಂಬು ಒಯ್ದರೆ ಮುಗಿಯಿತು. ಎಸಿ ಇದ್ದರೆ ಏಪ್ರಿಲ್ ಆದರೂ ಒಂದು ಶಾಲು ಇರಲಿ.

ಸೆಕೆಂಡ್ ಶೋ ಮಾತ್ರ ಬೇಡ. 2025ರ ಜನವರಿಯಲ್ಲಿ ತೆಲಂಗಾಣ ಹೈಕೋರ್ಟು 16ರೊಳಗಿನ ಮಕ್ಕಳನ್ನು ಬೆಳಗ್ಗೆ 11ರ ಮೊದಲು, ರಾತ್ರಿ 11ರ ನಂತರ ಥಿಯೇಟರಿಗೆ ಬಿಡಬಾರದು ಅಂದಿತ್ತು, ಆಮೇಲೆ ಆ ನಿರ್ಬಂಧ ಸಡಿಲಿಸಿತು. ಕೋರ್ಟು ಹೇಳಲಿ ಬಿಡಲಿ, ರಾತ್ರಿ ಹತ್ತಕ್ಕೆ ನಿದ್ದೆಗಣ್ಣಲ್ಲಿರುವ ಮಗುವನ್ನು ಸ್ಪೀಕರಿನ ಮುಂದೆ ಕೂರಿಸುವುದು ಯಾಕೆ?

ಮಗಳಿಗೆ ಈಗ ಐದು ದಾಟಿದೆ. ಇಯರ್‌ಮಫ್ ಹಾಕಿಕೊಂಡು ಇಂಟರ್ವಲ್‌ವರೆಗೆ ಖುಷಿಯಾಗಿ ಕೂರುತ್ತಾಳೆ, ಆಮೇಲೆ ಅವಳ ಇಷ್ಟ. ಅವಳ ತಮ್ಮನಿಗೆ ಸದ್ದೂ ಭಯ ಇಲ್ಲ, ಕತ್ತಲೂ ಭಯ ಇಲ್ಲ, ಆದರೆ ಕೂರುವುದೇ ಇಲ್ಲ. ಅವನಿಗೆ ಇನ್ನೂ ಟೈಮಿದೆ. ನಮ್ಮಿಬ್ಬರಿಗೂ ನೋಡಲೇಬೇಕು ಅನ್ನಿಸುವ ಸಿನಿಮಾ ಬಂದರೆ ಪಾಳಿ ಹಾಕಿಕೊಂಡಿದ್ದೇವೆ. ಶನಿವಾರ ಅವರು, ಭಾನುವಾರ ನಾನು. ಕತೆ ಹೇಳಬಾರದು ಅನ್ನುವುದೊಂದೇ ಷರತ್ತು. ಅದನ್ನು ಅವರು ಇವತ್ತಿನವರೆಗೂ ಪಾಲಿಸಿಲ್ಲ, ಆದ್ದರಿಂದ ಮುಂದಿನ ಸಲ ಶನಿವಾರ ನನ್ನದು.