ಬಿಪಿ ಇಳಿಯದಿದ್ದರೆ ಮೊದಲು ಕ್ಲಿನಿಕ್ ಕಡೆ ನೋಡಬೇಕು

ಅಮೆರಿಕದ ಒಂದು ಸಮುದಾಯ ಕ್ಲಿನಿಕ್‌ನಲ್ಲಿ ನಾನು ಫಾರ್ಮಸಿಸ್ಟ್. ನಮ್ಮಲ್ಲಿಗೆ ಬಿಳಿಯರೂ ಬರುತ್ತಾರೆ, ಕಪ್ಪು ಅಮೆರಿಕನ್ನರೂ ಬರುತ್ತಾರೆ. ಎಷ್ಟು ಜನರ ಬಿಪಿ ಹತೋಟಿಯಲ್ಲಿದೆ ಅನ್ನುವ ಒಟ್ಟು ಲೆಕ್ಕ ಚೆನ್ನಾಗಿಯೇ ಕಾಣುತ್ತಿತ್ತು. ಅದನ್ನೇ ಜನಾಂಗವಾರು ಬಿಡಿಸಿ ನೋಡಿದಾಗ ಕಪ್ಪು ಜನರು ತುಂಬಾ ಹಿಂದೆ ಉಳಿದಿದ್ದರು.

ಇದಕ್ಕೆ ಎರಡು ಕಾರಣ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತವೆ. ಒಂದು, ‘ಅದು ಅವರ ರಕ್ತದಲ್ಲೇ ಇದೆ’. ಇನ್ನೊಂದು, ‘ಮಾತ್ರೆ ಸರಿಯಾಗಿ ತಗೊಳ್ಳಲ್ಲ’.

ಮೊದಲನೆಯದನ್ನು ನಾನು ಒಪ್ಪುವುದಿಲ್ಲ. ಸಂಶೋಧಕ ರಿಚರ್ಡ್ ಕೂಪರ್ ಮತ್ತು ಜೊತೆಗಾರರು 1997ರಲ್ಲಿ ಪಶ್ಚಿಮ ಆಫ್ರಿಕಾ, ಕೆರಿಬಿಯನ್ ದ್ವೀಪಗಳು, ಅಮೆರಿಕ, ಮೂರೂ ಕಡೆಯ ಆಫ್ರಿಕನ್ ಮೂಲದವರ ಬಿಪಿ ಹೋಲಿಸಿ ನೋಡಿದ್ದರು. ಹೆಚ್ಚಿನ ಬಿಪಿ ಇದ್ದವರು ಆಫ್ರಿಕಾದಲ್ಲಿ ಶೇ 16, ಕೆರಿಬಿಯನ್‌ನಲ್ಲಿ ಶೇ 26, ಅಮೆರಿಕದಲ್ಲಿ ಶೇ 33. ಮೂಲ ಒಂದೇ, ಬದುಕುವ ಜಾಗ ಬೇರೆ.

ಎರಡನೆಯದಕ್ಕೆ ಉತ್ತರ ಕೊಟ್ಟವರು ಒಬ್ಬ ಬಸ್ ಡ್ರೈವರ್. ಅವರ ಫೈಲಿನಲ್ಲಿ ‘ಮಾತ್ರೆ ತಪ್ಪಿಸುತ್ತಾರೆ’ ಎಂದು ಬರೆದಿತ್ತು. ತಪ್ಪಿಸುತ್ತಿದ್ದದ್ದು ಒಂದೇ ಮಾತ್ರೆ, ಮೂತ್ರ ಜಾಸ್ತಿ ಮಾಡಿಸುವಂಥದ್ದು. ಬೆಳಗಿನ ಪಾಳಿ ಇದ್ದ ದಿನ ಮಾತ್ರ ಬಿಡುತ್ತಿದ್ದರು. ‘ಬಸ್ ನಿಲ್ಲಿಸಿ ಎಲ್ಲಿಗೆ ಹೋಗಲಿ, ನೀವೇ ಹೇಳಿ’ ಅಂದರು. ಆ ಮಾತ್ರೆಯನ್ನು ಸುಮ್ನೆ ಬಿಡಿಸುವ ಹಾಗೂ ಇರಲಿಲ್ಲ. ಬಿಪಿ ಔಷಧಿಗಳನ್ನು ಹೋಲಿಸಿ ನೋಡಿದ 2002ರ ಆಲ್‌ಹ್ಯಾಟ್ ಎಂಬ ದೊಡ್ಡ ಅಧ್ಯಯನದಲ್ಲಿ ಲಿಸಿನೊಪ್ರಿಲ್ ಎಂಬ ಬೇರೆ ಬಗೆಯ ಬಿಪಿ ಮಾತ್ರೆ ಪಡೆದ ಕಪ್ಪು ಜನರಿಗೆ, ಕ್ಲೋರ್‌ಥಾಲಿಡೋನ್ ಎಂಬ ಮೂತ್ರದ ಮಾತ್ರೆ ಪಡೆದವರಿಗಿಂತ ಪಾರ್ಶ್ವವಾಯು ಶೇ 40ರಷ್ಟು ಜಾಸ್ತಿ ಆಗಿತ್ತು. ಹಾಗಾಗಿ ಮಾತ್ರೆ ಉಳಿಸಿಕೊಂಡು ಹೊತ್ತು ಬದಲಿಸಿದೆವು. ಪಾಳಿ ಮುಗಿದ ಮೇಲೆ ತಗೊಳ್ಳಿ ಅಂದೆವು. ಅವರು ಬಿಡದೆ ತಗೊಂಡರು.

ಇನ್ನು ಕಫ್ ವಿಷಯ, ಅಂದರೆ ಬಿಪಿ ನೋಡುವಾಗ ತೋಳಿಗೆ ಸುತ್ತುವ ಪಟ್ಟಿ. ತೋಳು ತುಂಬಾ ದಪ್ಪ ಇರುವವರಿಗೆ ಮಾಮೂಲಿ ಕಫ್ ಕಟ್ಟಿದರೆ ಮೇಲಿನ ಸಂಖ್ಯೆ ಸುಮಾರು 20ರಷ್ಟು ಜಾಸ್ತಿ ತೋರಿಸಬಹುದು ಎಂದು 2023ರ ಒಂದು ಅಧ್ಯಯನ ತೋರಿಸಿದೆ. ಇಲ್ಲದ ಬಿಪಿಗೆ ಮಾತ್ರೆ ಕೊಟ್ಟ ಹಾಗಾಗುತ್ತದೆ, ಅಲ್ವಾ? ಈಗ ಪ್ರತಿ ಕೋಣೆಯಲ್ಲೂ ಎಲ್ಲ ಅಳತೆಯ ಕಫ್ ಇವೆ. ಮೊದಲ ಸಲ ಹೆಚ್ಚು ಬಂದರೆ ಐದು ನಿಮಿಷ ಕೂರಿಸಿ ಮತ್ತೆ ನೋಡುತ್ತೇವೆ.

ಆದರೆ ದೊಡ್ಡ ತೊಡಕು ಬೇರೆಯೇ. 150 ಬಂದಿದೆ, ‘ಮುಂದಿನ ಸಲ ನೋಡೋಣ’ ಅಂತ ಕಳಿಸುವುದು. ಮುಂದಿನ ಸಲ ಅಂದರೆ ಮೂರು ತಿಂಗಳು. ಆಗಲೂ 150. ಒಬ್ಬ ಹಿರಿಯರು ನೇರವಾಗಿ ಕೇಳಿದರು: ‘ಬಿಪಿ ಜಾಸ್ತಿ ಅಂತ ಪ್ರತಿ ಸಲ ಹೇಳ್ತೀರಿ. ಔಷಧಿ ಮಾತ್ರ ಅದೇ ಇದೆಯಲ್ಲ?’

ಇದನ್ನು ಸರಿ ಮಾಡಬಹುದು ಎಂದು ಧೈರ್ಯ ಕೊಟ್ಟದ್ದು ಲಾಸ್ ಏಂಜಲೀಸ್‌ನ ಕೆಲಸ. ಡಾ. ರೊನಾಲ್ಡ್ ವಿಕ್ಟರ್ ತಂಡ ಅಲ್ಲಿ ಕಪ್ಪು ಗಂಡಸರು ಹೋಗುವ 52 ಕಟಿಂಗ್ ಶಾಪ್‌ಗಳನ್ನು ಆರಿಸಿಕೊಂಡಿತು. 319 ಜನ. ಒಂದು ಗುಂಪಿಗೆ ಫಾರ್ಮಸಿಸ್ಟ್ ಅಂಗಡಿಗೇ ಬಂದು ಬಿಪಿ ನೋಡಿ, ವೈದ್ಯರ ಜೊತೆಗಿನ ಒಪ್ಪಂದದಂತೆ ಔಷಧಿ ಬರೆದು, ಬದಲಿಸುತ್ತಿದ್ದರು. ಇನ್ನೊಂದು ಗುಂಪಿಗೆ ಕ್ಷೌರಿಕರು ಡಾಕ್ಟರ ಹತ್ತಿರ ಹೋಗಿ ಎಂದು ಹೇಳುತ್ತಿದ್ದರು. ಆರು ತಿಂಗಳಲ್ಲಿ ಮೊದಲ ಗುಂಪಿನ ಮೇಲಿನ ಸಂಖ್ಯೆ ಸರಾಸರಿ 27 ಇಳಿಯಿತು, ಎರಡನೆಯದರಲ್ಲಿ 9.3. ಮೊದಲ ಗುಂಪಿನ ಶೇ 63.6 ಜನ 130/80ಕ್ಕಿಂತ ಕೆಳಗೆ ಬಂದರು, ಇನ್ನೊಂದರಲ್ಲಿ ಶೇ 11.7 ಮಾತ್ರ. 2018ರಲ್ಲಿ ಇದು ಪ್ರಕಟವಾಯಿತು. ಅಲ್ಲಿ ಬಳಸಿದ್ದು ಅಮ್ಲೋಡಿಪಿನ್‌ನಂಥ ಹಳೆಯ, ಅಗ್ಗದ ಮಾತ್ರೆಗಳೇ. ಜನರಿಗೆ ನಂಬುಗೆಯ ಜಾಗಕ್ಕೆ ಫಾರ್ಮಸಿಸ್ಟ್‌ಗಳೇ ಹೋದರು, ಸಂಖ್ಯೆ ಇಳಿಯುವವರೆಗೂ ಔಷಧಿ ಬದಲಿಸುತ್ತಾ ಹೋದರು. ನನಗೆ ಅಲ್ಲಿ ಕಂಡ ಗುಟ್ಟು ಇಷ್ಟೇ.

ನಮ್ಮಲ್ಲಿ ಕಟಿಂಗ್ ಶಾಪ್ ಇಲ್ಲ. ಆದರೆ ಬಿಪಿ ಹೆಚ್ಚಿದ್ದವರನ್ನು ಈಗ ಎರಡು ವಾರದೊಳಗೆ ನಾನೇ ನೋಡುತ್ತೇನೆ. ವೈದ್ಯರ ಒಪ್ಪಿಗೆಯಂತೆ ಡೋಸ್ ಏರಿಸುತ್ತೇನೆ. ಆದಷ್ಟು ಎರಡು ಔಷಧಿ ಸೇರಿದ ಒಂದೇ ಮಾತ್ರೆ, ಮೂರು ತಿಂಗಳಿಗಾಗುವಷ್ಟು ಒಟ್ಟಿಗೇ. ಜನಾಂಗವಾರು ಲೆಕ್ಕ ಪ್ರತಿ ತಿಂಗಳೂ ಗೋಡೆಗೆ ಅಂಟಿಸುತ್ತೇವೆ. ಅಂತರ ಕಡಿಮೆಯಾಗಿದೆ, ಮುಚ್ಚಿಲ್ಲ. ಮನೆಗೆ ಕೊಡುವ ಬಿಪಿ ಮಷಿನ್ ಜೊತೆ ಮಾಮೂಲಿ ಅಳತೆಯ ಕಫ್ ಮಾತ್ರ ಬರುತ್ತದೆ. ದೊಡ್ಡದು ಬೇಕಾದರೆ ಬೇರೆ ದುಡ್ಡು. ಅದನ್ನು ಮುಂದಿನ ವರ್ಷದ ಬಜೆಟ್‌ನಲ್ಲಿ ಸೇರಿಸಿ ಎಂದು ಕೇಳಿ ಕೂತಿದ್ದೇನೆ.